ಸದರ್ನ್ ಮರಾಠಾ ರೈಲ್ವೆ ಕಂಪನಿಯೂ ಕನ್ನಡ ನಾಡೂ

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಭವ್ಯ ಕಟ್ಟಡವನ್ನು ಕಾಣದ ಕನ್ನಡ ವಿದ್ಯಾವಂತರು ವಿರಳ. ಆದರೆ ಆ ಕಟ್ಟಡವು ಮೊದಲು ವಿದ್ಯಾಮಂದಿರವಾಗಿರಲಿಲ್ಲ, ಒಂದು ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತೆಂಬುದು ಈಗ ಹಲವರ ನೆನಪಿನಿಂದ ಜಾರಿದೆ. ಆ ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ. 1882ರಲ್ಲಿ ಹುಟ್ಟಿದ ಈ ಕಂಪನಿಯು 1907ರ ಅಂತ್ಯದವರೆಗೆ, ಅಂದರೆ ಕಾಲು ಶತಮಾನದಷ್ಟು ಮಾತ್ರ, ಆ ಹೆಸರಿನಿಂದ ಬಾಳಿತು. ರೈಲ್ವೆಯ ಇತಿಹಾಸ ಬರೆಯುವವರು ಇದನ್ನು ಮುಂದೆ ಬಂದ ದೊಡ್ಡ ಕಂಪನಿಯೊಂದರ ಪೀಠಿಕೆಯೆಂದು ಎಣಿಸಿ ಎರಡು ಸಾಲುಗಳಲ್ಲಿ ಮುಗಿಸುವುದುಂಟು. ಕನ್ನಡ ನಾಡಿನ ಇತಿಹಾಸದಲ್ಲಿ ಇದಕ್ಕೆ ಅದಕ್ಕಿಂತ ಹೆಚ್ಚಿನ ಸ್ಥಾನ ಸಲ್ಲಬೇಕೆಂಬುದೇ ಪ್ರಸ್ತುತ ಲೇಖನದ ಅಭಿಪ್ರಾಯ. ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶದ ಬಹುಭಾಗವನ್ನು ಮೊಟ್ಟಮೊದಲು ಒಂದೇ ವ್ಯವಸ್ಥೆಯೊಳಗೆ ತಂದದ್ದು ಯಾವ ರಾಜ್ಯವೂ ಅಲ್ಲ, ಈ ಕಂಪನಿ. ಅದು ಹಾಗೆ ಮಾಡಬೇಕೆಂದು ಬಯಸಿ ಮಾಡಿದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಹೆಸರಿನ ಹಿನ್ನೆಲೆ

ಮೊದಲು ಹೆಸರಿನ ವಿಚಾರ. ಪೇಶವೆಯರ ಆಳಿಕೆ 1818ರಲ್ಲಿ ಮುಗಿದಾಗ ಕೃಷ್ಣೆಯಿಂದ ತುಂಗಭದ್ರೆಯವರೆಗಿನ ಸೀಮೆಯನ್ನು ಆಂಗ್ಲರು 'ದಕ್ಷಿಣ ಮರಾಠಾ ದೇಶ'ವೆಂದು ಕರೆದರು. ಪಟವರ್ಧನ ಮೊದಲಾದ ಮರಾಠಾ ಸರದಾರರು ಅಲ್ಲಿ ಆಳುತ್ತಿದ್ದುದೇ ಇದಕ್ಕೆ ಕಾರಣ. ಆಳುವವರ ಭಾಷೆಯನ್ನು ಕಂಡು ನಾಡಿಗೆ ಹೆಸರಿಟ್ಟರೇ ಹೊರತು ಹೊಲದಲ್ಲಿ ದುಡಿಯುವವರ ಭಾಷೆಯನ್ನು ಕೇಳಲಿಲ್ಲ. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳ ಶಾಲೆ ಕಚೇರಿಗಳಲ್ಲಿ ಬಹುಕಾಲ ಮರಾಠಿಯೇ ನಡೆಯಿತು. ಡೆಪ್ಯುಟಿ ಚನ್ನಬಸಪ್ಪನವರಂತಹವರ ದುಡಿಮೆಯಿಂದ ಶಾಲೆಗಳಲ್ಲಿ ಕನ್ನಡ ಬೇರೂರಿತು. ಆ ಕೆಲಸ ನಡೆದು ಫಲ ಕೊಡುತ್ತಿದ್ದ ಕಾಲದಲ್ಲಿಯೂ ಲಂಡನ್ನಿನಲ್ಲಿ ಕೂಡಿದ ಪಾಲುದಾರರು ತಮ್ಮ ಕಂಪನಿಗೆ ಹಳೆಯ ಹೆಸರನ್ನೇ ಇಟ್ಟುಕೊಂಡರು. ಹೀಗೆ ಹೆಸರು ಮರಾಠಾ, ಬಂಡವಾಳ ಇಂಗ್ಲೆಂಡಿನದು, ನೆಲ ಬಹುಮಟ್ಟಿಗೆ ಕನ್ನಡದ್ದು ಎಂಬ ಸ್ಥಿತಿ ಉಂಟಾಯಿತು.

ಧಾತು–ಈಶ್ವರ ಸಂವತ್ಸರಗಳ ಬರ

ಈ ಮಾರ್ಗ ಹುಟ್ಟಿದುದಕ್ಕೆ ಮುಖ್ಯ ಕಾರಣ 1876ರಿಂದ 1878ರವರೆಗಿನ ಘೋರ ಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರವನ್ನು ಹಳೆಯ ತಲೆಮಾರಿನವರು 'ದೊಡ್ಡ ಬರ'ವೆಂದು ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ. 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಬಳ್ಳಾರಿ, ಕಲಾದಗಿ, ಧಾರವಾಡ ಜಿಲ್ಲೆಗಳ ಪಾಡೂ ಇದಕ್ಕಿಂತ ಉತ್ತಮವಾಗಿರಲಿಲ್ಲ.

ಆಗ ಇದ್ದ ರೈಲುಮಾರ್ಗಗಳು ಈ ಸೀಮೆಯ ಅಂಚಿನಲ್ಲಿ ಹಾದುಹೋಗಿದ್ದವು. ಮುಂಬಯಿಯಿಂದ ಪುಣೆ ಸೋಲಾಪುರಗಳ ಮೂಲಕ ಬಂದ ಮಾರ್ಗವೂ ಮದರಾಸಿನಿಂದ ಬಂದ ಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದ್ದವು. ಅದರ ಕವಲೊಂದು ಬಳ್ಳಾರಿಯವರೆಗೆ ಬಂದಿತ್ತು. ಬಳ್ಳಾರಿಯ ಪಶ್ಚಿಮಕ್ಕೆ, ಸೋಲಾಪುರದ ದಕ್ಷಿಣಕ್ಕೆ ಏನೂ ಇರಲಿಲ್ಲ. ಬಂದರಿಗೆ ಬಂದ ಧಾನ್ಯವು ರೈಲಿನ ಕೊನೆಯ ನಿಲ್ದಾಣದವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಆದರೆ ಬರದಲ್ಲಿ ಮೊದಲು ಸಾಯುವುದು ಎತ್ತು. ಮೇವಿಲ್ಲ, ನೀರಿಲ್ಲ, ಉಳಿದ ಎತ್ತುಗಳು ದೂರ ನಡೆಯಲಾರವು. ಒಂದು ಕಡೆ ಚೀಲಗಳ ರಾಶಿ, ಐವತ್ತು ಮೈಲಿಯ ಆಚೆ ಹಸಿದ ಜನ. ಈ ವಿಪರ್ಯಾಸವೇ ರೈಲಿನ ಪರವಾದ ಅತಿ ಬಲವಾದ ವಾದವಾಯಿತು.

ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿ ಸಲ್ಲಿಸಿ, ಕ್ಷಾಮನಿವಾರಣೆಗಾಗಿ ಇನ್ನೂ 5000 ಮೈಲಿ ರೈಲುಮಾರ್ಗ ತ್ವರಿತವಾಗಿ ಬೇಕೆಂದೂ, ದೇಶದಲ್ಲಿ ಒಟ್ಟು 20,000 ಮೈಲಿ ಆಗುವವರೆಗೆ ಕ್ಷಾಮದ ಭಯ ತಪ್ಪದೆಂದೂ ಹೇಳಿತು. ಈ ಶಿಫಾರಸಿನ ನೇರ ಫಲಗಳಲ್ಲಿ ಸದರ್ನ್ ಮರಾಠಾ ರೈಲ್ವೆಯೂ ಒಂದು. 1882ರ ಜೂನ್ 1ರಂದು ಭಾರತ ಮಂತ್ರಿಯೊಡನೆ ಅದರ ಕರಾರು ಆಯಿತು.

ಈ ಕರಾರಿನ ಸ್ವರೂಪವನ್ನು ಅರಿಯುವುದು ಅವಶ್ಯ. ಹಿಂದಿನ ಕಂಪನಿಗಳಿಗೆ ಸರಕಾರವು ಬಂಡವಾಳದ ಮೇಲೆ ಶೇಕಡಾ 5ರಂತೆ ಬಡ್ಡಿಯ ಖಾತರಿ ಕೊಟ್ಟಿತ್ತು. ನಷ್ಟವಾದರೆ ತುಂಬಿಕೊಡಬೇಕಾದವರು ತೆರಿಗೆ ಕೊಡುವ ರೈತರು. ಆ ಪದ್ಧತಿಗೆ ಬಹಳ ಟೀಕೆ ಬಂದ ಮೇಲೆ ಹೊಸ ಕಂಪನಿಗಳಿಗೆ ಖಾತರಿಯ ದರವನ್ನು ಇಳಿಸಿದರು. ಮಾರ್ಗವು ಸರಕಾರದ ಸೊತ್ತು. ಕಂಪನಿಯು ಹಣ ಕೂಡಿಸಿ, ಹಾದಿ ಕಟ್ಟಿ, ಗಾಡಿ ಓಡಿಸುವ ಕಾರ್ಯನಿರ್ವಾಹಕ ಮಾತ್ರ. ಇಪ್ಪತ್ತೈದು ವರ್ಷಗಳಾದ ಮೇಲೆ ಕರಾರನ್ನು ಮುಗಿಸುವ ಹಕ್ಕು ಸರಕಾರದ್ದು. ಕಂಪನಿಯ ಅಲ್ಪಾಯುಷ್ಯವು ಅದರ ಜಾತಕದಲ್ಲಿಯೇ ಬರೆದಿತ್ತೆನ್ನಬಹುದು.

ಹತ್ತಿ ಮತ್ತು ಬಂದರು

ಬರದ ಜೊತೆಗೆ ಎರಡನೆಯ ಕಾರಣವೂ ಇತ್ತು. ಅದು ಹತ್ತಿ. ಧಾರವಾಡ ಸೀಮೆಯ ಹತ್ತಿಗೆ ಪೇಟೆಯಲ್ಲಿ 'ಕುಮಟೆ ಹತ್ತಿ'ಯೆಂದು ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಘಟ್ಟವಿಳಿದು ಆ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಆ ಹೆಸರು ಬಂದಿತು. ಅಮೆರಿಕದ ಅಂತರ್ಯುದ್ಧ ಕಾಲದಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಕೊರತೆ ಬಿದ್ದಾಗ ಕಾರವಾರವನ್ನು ದೊಡ್ಡ ಬಂದರನ್ನಾಗಿ ಮಾಡಿ ಧಾರವಾಡ ಸೀಮೆಗೆ ಹಾದಿ ಬೆಳೆಸಬೇಕೆಂಬ ಮಾತು ಬಲವಾಯಿತು. ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಇಲಾಖೆಯಿಂದ ತೆಗೆದು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದುದರ ಹಿಂದೆಯೂ ಈ ಬಂದರಿನ ಆಸೆಯಿತ್ತು. ಹುಬ್ಬಳ್ಳಿ–ಕಾರವಾರ ರೈಲಿನ ಯೋಜನೆ ಅಂದಿನಿಂದ ಬೆಳೆದುಬಂದುದು.

ಆದರೆ ಕೈಗೂಡಿದ್ದು ಬೇರೆ. ಆಂಗ್ಲ ಸರಕಾರಕ್ಕೂ ಪೋರ್ತುಗೀಜರಿಗೂ 1878ರಲ್ಲಿ ಒಪ್ಪಂದವಾಗಿ, ಗೋವೆಯ ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್ ರಾಕಿನವರೆಗೆ ಪೋರ್ತುಗೀಜ ಖಾತರಿಯ ಕಂಪನಿಯೊಂದು ರೈಲುಮಾರ್ಗ ಕಟ್ಟಿತು. ದೂಧಸಾಗರದ ಜಲಪಾತದ ಎದುರಿನಿಂದ ಘಟ್ಟವೇರುವ ಆ ಹಾದಿ 1888ರಲ್ಲಿ ಪೂರ್ಣವಾಯಿತು. ಕ್ಯಾಸಲ್ ರಾಕಿನಿಂದ ಲೋಂಡಾ ಮಾರ್ಗವಾಗಿ ಧಾರವಾಡ ಹುಬ್ಬಳ್ಳಿಗಳಿಗೆ ಸದರ್ನ್ ಮರಾಠಾ ರೈಲ್ವೆ ಕೂಡಿಕೊಂಡಿತು. ಹತ್ತಿಯು ಈಗ ಗಾಡಿದಾರಿ ಬಿಟ್ಟು ಹಳಿಯ ದಾರಿ ಹಿಡಿಯಿತು. ಕುಮಟೆಯ ವ್ಯಾಪಾರ ಕುಗ್ಗಿತು, ಕಾರವಾರದ ಕನಸು ಹಿಂದೆ ಸರಿಯಿತು. ಹುಬ್ಬಳ್ಳಿಯಿಂದ ಕನ್ನಡ ಕರಾವಳಿಗೆ ಘಟ್ಟವಿಳಿಯುವ ರೈಲುಮಾರ್ಗವು ಹುಬ್ಬಳ್ಳಿ–ಅಂಕೋಲಾ ಎಂಬ ಹೆಸರಿನಲ್ಲಿ ಇಂದಿಗೂ ಕಾಗದದಲ್ಲಿಯೇ ಉಳಿದಿದೆ. ಅಂದಿನ ಒಂದು ನಿರ್ಧಾರದ ನೆರಳು ಎಷ್ಟು ಉದ್ದ ಬೀಳುತ್ತದೆಂಬುದಕ್ಕೆ ಇದು ನಿದರ್ಶನ.

ಹಾದಿಯ ವಿಸ್ತಾರ

1884ರಿಂದ ಮೊದಲ್ಗೊಂಡು ಹಾದಿಯ ಭಾಗಗಳು ಒಂದೊಂದಾಗಿ ತೆರೆದವು. ಸೋಲಾಪುರದ ಬಳಿಯ ಹೋಟಗಿಯಿಂದ ಭೀಮೆ, ಕೃಷ್ಣೆ, ಮಲಪ್ರಭೆಗಳನ್ನು ದಾಟಿ ಬಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಗದಗಿಗೆ ಒಂದು ಮಾರ್ಗ. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆಗಳ ಮೂಲಕ ಬಳ್ಳಾರಿಗೆ, ಮುಂದೆ ಗುಂತಕಲ್ಲಿನ ಮೇಲೆ ಆಂಧ್ರದ ಬೆಜವಾಡದವರೆಗೆ ಇನ್ನೊಂದು. ಹುಬ್ಬಳ್ಳಿಯಿಂದ ಹಾವೇರಿ, ರಾಣಿಬೆನ್ನೂರುಗಳ ಮೂಲಕ ತುಂಗಭದ್ರೆಯ ದಡದ ಹರಿಹರಕ್ಕೆ ಮತ್ತೊಂದು. ಲೋಂಡಾದಿಂದ ಬೆಳಗಾವಿ, ಮಿರಜಗಳ ಮೇಲೆ ಪುಣೆಗೆ ಹೋಗುವ ಮಾರ್ಗ 1890ರ ಹೊತ್ತಿಗೆ ಮುಗಿಯಿತು. ಮಿರಜದಿಂದ ಕೊಲ್ಲಾಪುರಕ್ಕೆ ಆ ಸಂಸ್ಥಾನವು ಕಟ್ಟಿಸಿದ ಕವಲನ್ನು 1891ರಿಂದ ಈ ಕಂಪನಿಯೇ ನಡೆಸಿತು.

ಈ ಎಲ್ಲ ಮಾರ್ಗಗಳ ನಡುವೆ ಹುಬ್ಬಳ್ಳಿಯು ಜೇಡರ ಬಲೆಯ ಮಧ್ಯಬಿಂದುವಿನಂತೆ ಕುಳಿತಿತು. ಎಂಜಿನ್ನು ಡಬ್ಬಿಗಳ ದುರಸ್ತಿಗಾಗಿ ಅಲ್ಲಿ 1885ರಲ್ಲಿ ಕಾರ್ಖಾನೆ ಸ್ಥಾಪಿತವಾಯಿತು. ಹತ್ತಿಯ ಸಂತೆಯೂರು ಕೈಗಾರಿಕೆಯ ಪಟ್ಟಣವಾದುದು ಅಂದಿನಿಂದ. ಕಚೇರಿಯ ಕಾಗದಪತ್ರ ಧಾರವಾಡದಲ್ಲಿ, ಕಬ್ಬಿಣದ ಕೆಲಸ ಹುಬ್ಬಳ್ಳಿಯಲ್ಲಿ. ಈ ಜೋಡುನಗರಗಳ ಸ್ವಭಾವಭೇದವನ್ನು ಕುರಿತು ಇಂದಿಗೂ ಆಡುವ ಮಾತಿನ ಹಿಂದೆ ಈ ಹಂಚಿಕೆಯೂ ಒಂದು ಕಾರಣವಾಗಿರಬೇಕು.

ರೈಲು ಎಲ್ಲ ಊರುಗಳಿಗೂ ವರವಾಗಲಿಲ್ಲ. ಕಲಾದಗಿಯು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಮಾರ್ಗವು ಅದನ್ನು ಬಿಟ್ಟು ಬಿಜಾಪುರದ ಮೇಲೆ ಹಾದುಹೋಯಿತು. 1885ರಲ್ಲಿ ಜಿಲ್ಲೆಯ ಕಚೇರಿಗಳು ಬಿಜಾಪುರಕ್ಕೆ ಹೋದವು. ಜಿಲ್ಲೆಯ ಹೆಸರೂ ಬದಲಾಯಿತು. ಆದಿಲಶಾಹಿಯ ಪತನವಾದಂದಿನಿಂದ ಪಾಳುಬಿದ್ದಿದ್ದ ಒಂದು ರಾಜಧಾನಿಯು ಹೀಗೆ ಮರಳಿ ಆಡಳಿತದ ಊರಾಯಿತು. ಕಲಾದಗಿ ಹಳ್ಳಿಯಾಗಿ ಉಳಿಯಿತು.

ಮೈಸೂರಿನ ಕೂಡಿಕೆ

ತುಂಗಭದ್ರೆಯ ದಕ್ಷಿಣಕ್ಕೆ ಮೈಸೂರು ಸಂಸ್ಥಾನವು ಮೊದಲು ತನ್ನದೇ ಹಾದಿಯನ್ನು ಹಿಡಿದಿತ್ತು. ಕ್ಷಾಮದ ಕಾಲದಲ್ಲಿ ಕೈಗೊಂಡ ಬೆಂಗಳೂರು–ಮೈಸೂರು ಮಾರ್ಗವು 1881–82ರಲ್ಲಿ ಹಂತಹಂತವಾಗಿ ತೆರೆಯಿತು. 1881ರ ಮಾರ್ಚಿಯಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗ ದಿವಾನರಾಗಿದ್ದ ರಂಗಾಚಾರ್ಲು ಅವರೂ, ಅವರ ಬಳಿಕ ಬಂದ ಶೇಷಾದ್ರಿ ಅಯ್ಯರ್ ಅವರೂ ರೈಲಿನಲ್ಲಿ ಬಹಳ ನಂಬಿಕೆಯಿಟ್ಟವರು. ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳವರೆಗೆ ಸಂಸ್ಥಾನವು ತನ್ನ ಹಣದಿಂದಲೇ ಹಳಿ ಹಾಸಿತು. ಆದರೆ ಕ್ಷಾಮದ ಸಾಲದ ಹೊರೆ ಹೊತ್ತಿದ್ದ ಬೊಕ್ಕಸಕ್ಕೆ ಹರಿಹರದವರೆಗಿನ ಕೆಲಸ ಭಾರವಾಯಿತು. 1886ರಲ್ಲಿ ಸಂಸ್ಥಾನವು ತನ್ನ ಮಾರ್ಗವನ್ನು ಸದರ್ನ್ ಮರಾಠಾ ಕಂಪನಿಗೆ ಒತ್ತೆಯಿಟ್ಟು, ಅದರ ಮೂಲಕ ಇಂಗ್ಲೆಂಡಿನಲ್ಲಿ ಶೇಕಡಾ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡುಗಳ ಸಾಲವೆತ್ತಿತು. ಆ ಹಣದಿಂದ ಮುಂದಿನ ಮಾರ್ಗ ಮುಗಿದು 1889ರಲ್ಲಿ ಬೆಂಗಳೂರು ಹರಿಹರವನ್ನು ಮುಟ್ಟಿತು.

ಮೈಸೂರಿಗೆ ಇದು ಅಷ್ಟೇನೂ ಗೌರವದ ವ್ಯವಹಾರವಲ್ಲ. ತಾನೇ ಕಟ್ಟಿದ ಹಾದಿಯಲ್ಲಿ ಪರರು ಗಾಡಿ ಓಡಿಸುವುದನ್ನು ಸಂಸ್ಥಾನವು ಮೂರು ದಶಕ ಕಾಲ ನೋಡಬೇಕಾಯಿತು. ಬೆಂಗಳೂರು–ಮೈಸೂರು ಮೊದಲಾದ ಮಾರ್ಗಗಳ ಆಡಳಿತ 1919ರಲ್ಲಿ ಸಂಸ್ಥಾನಕ್ಕೆ ಮರಳಿತು. ಬೆಂಗಳೂರು–ಹರಿಹರ ಮಾರ್ಗಕ್ಕೆ 1938ರವರೆಗೆ ಕಾಯಬೇಕಾಯಿತು. ಆದರೂ ಆ ಒತ್ತೆಯ ಪತ್ರದಿಂದ ಯಾರೂ ಎಣಿಸದ ಒಂದು ಲಾಭವಾಯಿತು. ತುಂಗಭದ್ರೆಯ ಎರಡೂ ದಡಗಳ ರೈಲು ಒಂದೇ ಆಡಳಿತಕ್ಕೆ ಒಳಪಟ್ಟಿತು. ಮೈಸೂರಿನಿಂದ ಹೊರಟವನು ಬೆಂಗಳೂರು, ಹರಿಹರ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಮೇಲೆ ಪುಣೆಯವರೆಗೆ ಒಂದೇ ಕಂಪನಿಯ ಹಳಿಯ ಮೇಲೆ ಬರಬಹುದಾಯಿತು.

ಹಳಿಯ ಅಳತೆ

ಇಲ್ಲಿ ಹಳಿಯ ಅಳತೆಯ ವಿಚಾರವನ್ನು ಗಮನಿಸಬೇಕು. ಮುಂಬಯಿ ಮದರಾಸುಗಳ ದೊಡ್ಡ ಮಾರ್ಗಗಳು ಐದೂವರೆ ಅಡಿಯ ಬ್ರಾಡ್ ಗೇಜಿನವು. ಖರ್ಚು ಉಳಿಸುವುದಕ್ಕಾಗಿ ಸದರ್ನ್ ಮರಾಠಾ ಮಾರ್ಗಗಳನ್ನೂ ಮೈಸೂರಿನ ಮಾರ್ಗವನ್ನೂ ಮೀಟರ್ ಗೇಜಿನಲ್ಲಿ ಕಟ್ಟಿದರು. ಆದ್ದರಿಂದ ಪುಣೆ, ಹೋಟಗಿ, ಗುಂತಕಲ್ಲು, ಬೆಂಗಳೂರು ಈ ನಾಲ್ಕು ಮೂಲೆಗಳಲ್ಲಿ ಗಾಡಿ ಬದಲಿಸುವುದು ಅನಿವಾರ್ಯ. ಸರಕಿನ ಮೂಟೆಗಳನ್ನು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಕಾಲಹರಣ, ಕೂಲಿ, ಸೋರಿಕೆ ಎಲ್ಲವೂ ಬೇರೆ. ವ್ಯಾಪಾರಿಗಳು ಇದನ್ನು ಬೈದರು, ಎಂಜಿನಿಯರರು ಒಪ್ಪಿಕೊಂಡರು. ಮುಂಬಯಿಯ ಕನ್ನಡಿಗರು ಊರಿಗೆ ಹೋಗುವಾಗ ಪುಣೆಯಲ್ಲಿ ಹಾಸಿಗೆ ಸುರುಳಿಯನ್ನು ಹೊತ್ತು ಇನ್ನೊಂದು ಗಾಡಿ ಹಿಡಿಯುತ್ತಿದ್ದುದು ಪುಣೆ–ಮಿರಜ ಮಾರ್ಗವು 1971ರಲ್ಲಿ ಬ್ರಾಡ್ ಗೇಜ್ ಆಗುವವರೆಗೂ ನಡೆದುಬಂದ ಪದ್ಧತಿ.

ಇದೇ ದೋಷಕ್ಕೆ ಇನ್ನೊಂದು ಮುಖವೂ ಉಂಟು. ಹೊರಗಿನ ಮಹಾನಗರಗಳಿಗೆ ಹೋಗಲು ಅಡಚಣೆಯಾದ ಈ ಅಳತೆಯೇ ಒಳಗಿನ ಊರುಗಳಿಂದ ಊರುಗಳಿಗೆ ಹೋಗಲು ಅನುಕೂಲವಾಯಿತು. ನಾಲ್ಕು ಮೂಲೆಗಳಲ್ಲಿ ಬಾಗಿಲಿದ್ದ ದೊಡ್ಡ ತೊಟ್ಟಿಮನೆಯಂತೆ ಈ ಮಾರ್ಗಜಾಲವು ಒಳಮುಖವಾಗಿತ್ತು. ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೋಗುವ ಪ್ರಯಾಣಿಕನು ಮುಂಬಯಿ ಇಲಾಖೆಯಲ್ಲಿ ಗಾಡಿ ಹತ್ತಿ, ಕೊಪ್ಪಳದ ಬಳಿ ನಿಜಾಮರ ಸೀಮೆಯನ್ನು ಹಾದು, ಹೊಸಪೇಟೆಗೆ ಬರುವಷ್ಟರಲ್ಲಿ ಮದರಾಸು ಇಲಾಖೆಯಲ್ಲಿರುತ್ತಿದ್ದ. ಮೂರು ಆಡಳಿತಗಳು ಬದಲಾದವು, ಗಾಡಿ ಬದಲಾಗಲಿಲ್ಲ. ನಿಲ್ದಾಣದಲ್ಲಿ ಕೇಳಿಬರುವ ಮಾತೂ ಬದಲಾಗಲಿಲ್ಲ.

ಲಾಭವೆಷ್ಟು, ನಷ್ಟವೆಷ್ಟು?

ಕಂಪನಿಯನ್ನು ಹೊಗಳುವುದೇ ನಮ್ಮ ಉದ್ದೇಶವಲ್ಲ. 1896–97 ಮತ್ತು 1899–1900ರ ಕ್ಷಾಮಗಳಲ್ಲಿ ಧಾನ್ಯವು ರೈಲಿನಲ್ಲಿ ಊರು ಮುಟ್ಟಿತೆಂಬುದು ನಿಜ. ಆದರೆ ಕೊಳ್ಳುವ ಹಣವಿಲ್ಲದವನಿಗೆ ನಿಲ್ದಾಣದಲ್ಲಿ ಕಾಳಿದ್ದರೇನು, ಇಲ್ಲದಿದ್ದರೇನು? ಸಮೃದ್ಧಿಯ ವರ್ಷದಲ್ಲಿ ಹಗೇವಿನಲ್ಲಿ ಉಳಿಯಬೇಕಾದ ಜೋಳವನ್ನೂ ಅದೇ ರೈಲು ಹೊರಗೆ ಒಯ್ಯುತ್ತಿತ್ತು. ರೈಲಿಗೆ ಸುರಿದ ಹಣದ ಒಂದು ಭಾಗವನ್ನಾದರೂ ನೀರಾವರಿಗೆ ಹಾಕಬೇಕಾಗಿತ್ತೆಂದು ರಮೇಶಚಂದ್ರ ದತ್ತರು ವಾದಿಸಿದುದು ಈ ಕಾಲದಲ್ಲಿಯೇ. ಬಿಜಾಪುರ, ಬಳ್ಳಾರಿಗಳಂತಹ ಮಳೆನೆರಳಿನ ಜಿಲ್ಲೆಗಳಿಗೆ ಆ ಮಾತು ಎಷ್ಟು ಸರಿಯಾಗಿತ್ತೆಂಬುದನ್ನು ತುಂಗಭದ್ರಾ, ಆಲಮಟ್ಟಿ ಅಣೆಕಟ್ಟುಗಳು ಬಂದ ಮೇಲೆ ನಾವು ಬಲ್ಲೆವು.

ರೋಗವೂ ರೈಲಿನಲ್ಲಿ ಬಂದಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಪೀಡಿಸಿ, 1898ರಲ್ಲಿ ಇದೇ ಹಾದಿಯಿಂದ ಬೆಂಗಳೂರನ್ನು ಮುಟ್ಟಿತು. ಬೆಂಗಳೂರಿನ ಮಲ್ಲೇಶ್ವರ ಬಸವನಗುಡಿ ಬಡಾವಣೆಗಳ ಬೆಳವಣಿಗೆಯ ಹಿಂದೆ ಆ ಪ್ಲೇಗಿನ ಭಯವಿತ್ತೆಂಬುದು ತಿಳಿದ ವಿಷಯ.

ಕಂಪನಿಯ ಅಂತ್ಯ

ಇಪ್ಪತ್ತೈದು ವರ್ಷಗಳ ಅವಧಿ 1907ರಲ್ಲಿ ತುಂಬಿತು. ಅದೇ ವರ್ಷದ ಕೊನೆಗೆ ಹಳೆಯ ಮದ್ರಾಸ್ ರೈಲ್ವೆಯ ಕರಾರೂ ಮುಗಿಯಿತು. ಸರಕಾರವು ಆ ರೈಲ್ವೆಯನ್ನು ಒಡೆದು, ದಕ್ಷಿಣದ ಭಾಗವನ್ನು ಸೌತ್ ಇಂಡಿಯನ್ ಕಂಪನಿಗೂ ಉತ್ತರದ ಭಾಗವನ್ನು ಸದರ್ನ್ ಮರಾಠಾ ಕಂಪನಿಗೂ ವಹಿಸಿತು. 1908ರ ಜನವರಿ 1ರಿಂದ ಕಂಪನಿಯ ಹೆಸರು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎಂದಾಯಿತು. ಕಾಗದದ ಮೇಲೆ ಸದರ್ನ್ ಮರಾಠಾ ಕಂಪನಿಯು ಬೆಳೆದು ದೊಡ್ಡದಾಯಿತು. ವಸ್ತುತಃ ಅದು ಮದರಾಸಿನಲ್ಲಿ ಲೀನವಾಯಿತು. ಮುಖ್ಯ ಕಚೇರಿ ಧಾರವಾಡವನ್ನು ಬಿಟ್ಟು ಮದರಾಸಿಗೆ ಹೋಯಿತು. ಕನ್ನಡ ನಾಡಿನ ನಡುವೆ ಕುಳಿತು ಕನ್ನಡ ನಾಡಿನ ಸಂಚಾರವನ್ನು ನಿಯಂತ್ರಿಸುತ್ತಿದ್ದ ಕೇಂದ್ರವೊಂದು ಹೀಗೆ ಇಲ್ಲವಾಯಿತು. ಹಳಿಗಳು ಉಳಿದವು, ಆದರೆ ಅವುಗಳ ವಿಚಾರ ಮಾಡುವವರು ದೂರದ ಸಮುದ್ರತೀರದಲ್ಲಿದ್ದರು.

ಬರಿದಾದ ಕಟ್ಟಡಕ್ಕೆ ಒಳ್ಳೆಯ ಗತಿಯೇ ಒದಗಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿ ಮುಂದೆ ಆ ಕಟ್ಟಡದಲ್ಲಿ ನೆಲೆಗೊಂಡಿತು. ಅದುವರೆಗೆ ಉಚ್ಚ ಶಿಕ್ಷಣಕ್ಕಾಗಿ ಉತ್ತರ ಕರ್ನಾಟಕದ ತರುಣರು ಪುಣೆ ಮುಂಬಯಿಗಳಿಗೆ ಹೋಗಬೇಕಾಗಿತ್ತು. ಆಲೂರು ವೆಂಕಟರಾಯರೂ ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರೇ. ಕಂಪನಿಯ ಹಾದಿ ಅಂತಹ ತರುಣರನ್ನು ಹೊರನಾಡಿಗೆ ಒಯ್ದಿತು. ಕಂಪನಿ ಬಿಟ್ಟುಹೋದ ಕಟ್ಟಡವು ಮುಂದಿನವರನ್ನು ಊರಿನಲ್ಲಿಯೇ ಉಳಿಸಿಕೊಂಡಿತು.

ಹಾದಿ ಉಳಿಸಿದ ಫಲ

ಕಂಪನಿ ಹೋದ ಮೇಲೆ ಅದರ ಹಾದಿಯು ಏನು ಮಾಡಿತೆಂಬುದನ್ನು ನೋಡಲು ಒಂದು ಸರಳ ಪರೀಕ್ಷೆಯುಂಟು. ಬೆಂಗಳೂರಿನಲ್ಲಿ 1915ರಲ್ಲಿ ಮೊದಲಾದ ಕನ್ನಡ ಸಾಹಿತ್ಯ ಸಮ್ಮೇಳನಗಳ ಸ್ಥಳಗಳನ್ನು ಕ್ರಮವಾಗಿ ಬರೆಯೋಣ: 1915 ಮತ್ತು 1916 ಬೆಂಗಳೂರು, 1917 ಮೈಸೂರು, 1918 ಧಾರವಾಡ, 1919 ಹಾಸನ, 1920 ಹೊಸಪೇಟೆ, 1921 ಚಿಕ್ಕಮಗಳೂರು, 1922 ದಾವಣಗೆರೆ, 1923 ಬಿಜಾಪುರ, 1924 ಕೋಲಾರ, 1925 ಬೆಳಗಾವಿ, 1926 ಬಳ್ಳಾರಿ. ಈ ಹನ್ನೆರಡರಲ್ಲಿ ಒಂಬತ್ತು ಸಮ್ಮೇಳನಗಳು ಸದರ್ನ್ ಮರಾಠಾ ಕಂಪನಿಯು ಕಟ್ಟಿದ ಅಥವಾ ನಡೆಸಿದ ಹಾದಿಯ ಮೇಲಿನ ಊರುಗಳಲ್ಲಿ ನಡೆದವು. ಆ ಜಾಲದ ಹೊರಗಿದ್ದ ಕರಾವಳಿಗೆ ಸಮ್ಮೇಳನವು ಮೊದಲು ಬಂದುದು 1927ರಲ್ಲಿ, ಮಂಗಳೂರಿಗೆ. ನಿಜಾಮರ ಸೀಮೆಗೆ 1928ರಲ್ಲಿ, ಕಲಬುರ್ಗಿಗೆ. ಮಂಗಳೂರಿಗೆ 1907ರಲ್ಲಿ ರೈಲು ಬಂದಿತ್ತಾದರೂ ಅದು ಮಲಬಾರಿನ ಕಡೆಯಿಂದ. ಹಾಸನದ ಕಡೆಯಿಂದ ಘಟ್ಟವಿಳಿದು ರೈಲು ಬರಲು 1979 ಆಗಬೇಕಾಯಿತು.

ರೈಲಿದ್ದುದರಿಂದಲೇ ಸಮ್ಮೇಳನಗಳಾದವೆಂದು ಯಾರೂ ಹೇಳಲಾರರು. ಅವು ದೊಡ್ಡ ಊರುಗಳು, ಅಲ್ಲಿ ಅಭಿಮಾನಿಗಳಿದ್ದರು, ದಾನಿಗಳಿದ್ದರು. ಆದರೆ ಮೈಸೂರಿನ ಪಂಡಿತನೂ ಧಾರವಾಡದ ಶಿಕ್ಷಕನೂ ಬಳ್ಳಾರಿಯ ವಕೀಲನೂ ಒಂದೇ ಚಪ್ಪರದಡಿ ಕೂಡಬೇಕಾದರೆ ಅವರ ಊರುಗಳ ನಡುವೆ ಹಾದಿಯಿರಬೇಕು. ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ತಮ್ಮ ಪ್ರಸಿದ್ಧ ಉಪನ್ಯಾಸವನ್ನು ಕೊಟ್ಟಾಗ ಮೈಸೂರಿಗೂ ಧಾರವಾಡಕ್ಕೂ ನಡುವೆ ಒಂದೇ ಅಳತೆಯ ಹಳಿ ಹಾಸಿ ಎರಡು ದಶಕಗಳಾಗಿದ್ದವು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿಯೇ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಅಲ್ಲಿಗೆ ಬಂದ ಕನ್ನಡಿಗರಿಗೆ 'ಒಂದು ಕರ್ನಾಟಕ'ವೆಂಬುದು ಬರಿಯ ಕಲ್ಪನೆಯಾಗಿರಲಿಲ್ಲ. ಅದರ ಉದ್ದಗಲವನ್ನು ಗಾಡಿಯ ಕಿಟಕಿಯಿಂದ ಅವರು ಕಂಡಿದ್ದರು.

ರಾಜಕೀಯ ಏಕೀಕರಣವು 1956ರ ನವೆಂಬರ್ 1ರಂದು ಆಯಿತು. ರೈಲ್ವೆಯ ಏಕೀಕರಣಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯನ್ನು ಸರಕಾರ 1944ರಲ್ಲಿ ವಹಿಸಿಕೊಂಡಿತು. 1951ರಲ್ಲಿ ಅದು, ಮೈಸೂರು ರೈಲ್ವೆಯೂ ಸೇರಿದಂತೆ, ದಕ್ಷಿಣ ರೈಲ್ವೆಯಲ್ಲಿ ಕೂಡಿತು. 1966ರಲ್ಲಿ ಹುಬ್ಬಳ್ಳಿ ವಿಭಾಗವು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯ ಪಾಲಾಯಿತು. ದೀರ್ಘ ಬೇಡಿಕೆ ಚಳವಳಿಗಳ ಬಳಿಕ 2003ರ ಏಪ್ರಿಲ್ 1ರಿಂದ ನೈಋತ್ಯ ರೈಲ್ವೆ ಅಸ್ತಿತ್ವಕ್ಕೆ ಬಂದು ಅದರ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ ನೆಲೆಯಾಯಿತು. 1908ರಲ್ಲಿ ಧಾರವಾಡದಿಂದ ಹೊರಟುಹೋದುದು ತೊಂಬತ್ತೈದು ವರ್ಷಗಳ ನಂತರ ಹನ್ನೆರಡು ಮೈಲಿಯಷ್ಟು ಈಚೆಗೆ ಮರಳಿ ಬಂದಿತು.

ಹುಬ್ಬಳ್ಳಿಯಲ್ಲಿ ರೈಲ್ವೆಯ ಮುಖ್ಯ ಕಚೇರಿಯಿರುವುದು ಇಂದಿನವರಿಗೆ ಹೊಸ ಕಾಲದ ಕೊಡುಗೆಯಾಗಿ ತೋರಬಹುದು. ಅದು ಹಳೆಯ ವ್ಯವಸ್ಥೆಯ ಪುನಃಸ್ಥಾಪನೆ ಎಂಬುದನ್ನು ಇತಿಹಾಸ ಹೇಳುತ್ತದೆ. ಲಾಭಕ್ಕಾಗಿ ಬಂದ ಒಂದು ವಿದೇಶೀ ಕಂಪನಿಯೂ ನಕಾಶೆಯನ್ನು ಬಿಡಿಸಿಕೊಂಡು ಕುಳಿತಾಗ ಈ ಸೀಮೆಯ ಮಧ್ಯಬಿಂದುವನ್ನು ಧಾರವಾಡ–ಹುಬ್ಬಳ್ಳಿಗಳಲ್ಲಿ ಕಂಡುಕೊಂಡಿತ್ತು. ಆ ಕಂಪನಿಯ ಹೆಸರಿನಲ್ಲಿ ಕನ್ನಡದ ಸುಳಿವಿರಲಿಲ್ಲ. ಅದರ ಹಾದಿಯನ್ನು ನಕಾಶೆಯ ಮೇಲೆ ಬೆರಳಿಟ್ಟು ಅನುಸರಿಸಿದವರಿಗೆ ಮಾತ್ರ ಮುಂದೆ ಬರಲಿದ್ದ ನಾಡಿನ ಒಂದು ಒರಟು ರೇಖೆ ಕಾಣಿಸದೆ ಇರದು.